ಗಡಿಯಲ್ಲೇ ನಿಲ್ಲುವ ಆರೋಗ್ಯ ಕಾರ್ಡು

ಮಹಾರಾಷ್ಟ್ರ ಸರ್ಕಾರವು ತನ್ನ ಮಹಾತ್ಮ ಜ್ಯೋತಿರಾವ್ ಫುಲೆ ಜನ ಆರೋಗ್ಯ ಯೋಜನೆಯನ್ನು ಕರ್ನಾಟಕದೊಳಗಿನ 865 ಊರುಗಳಿಗೆ ವಿಸ್ತರಿಸಲು 2023ರ ಮಾರ್ಚ್‌ನಲ್ಲಿ 54 ಕೋಟಿ ರೂಪಾಯಿ ಒದಗಿಸಲು ತೀರ್ಮಾನಿಸಿದಾಗ ನಮ್ಮಲ್ಲಿ ದೊಡ್ಡ ಗದ್ದಲವೇ ಆಯಿತು. ಆಗ ಅಧಿಕಾರದಲ್ಲಿದ್ದ ಬಿಜೆಪಿ ಸರ್ಕಾರ ಪ್ರತಿಭಟಿಸಿತು. 2024ರ ಜನವರಿಯಲ್ಲಿ ವಿಷಯ ಮತ್ತೆ ತಲೆಯೆತ್ತಿದಾಗ ಕಾಂಗ್ರೆಸ್ ಸರ್ಕಾರವೂ ಅಷ್ಟೇ ಖಾರವಾಗಿ ಆಕ್ಷೇಪಿಸಿತು. ಈ ಆಕ್ಷೇಪ ಸರಿಯಾಗಿಯೇ ಇತ್ತು. ಗಡಿ ವ್ಯಾಜ್ಯವೊಂದು 2004ರಿಂದ ಸುಪ್ರೀಂ ಕೋರ್ಟಿನಲ್ಲಿರುವಾಗ, ಒಂದು ರಾಜ್ಯ ಮತ್ತೊಂದರ ಹಳ್ಳಿಗಳಲ್ಲಿ ಭಾಷೆಯ ಆಧಾರದ ಮೇಲೆ ಆರೋಗ್ಯ ಕಾರ್ಡು ಹಂಚುವುದನ್ನು ಜನಸೇವೆಯೆಂದು ಒಪ್ಪಿಕೊಳ್ಳುವುದು ಕಷ್ಟ.

ಆದರೆ ಆ ಗದ್ದಲದಲ್ಲಿ ಯಾರೂ ಕೇಳದೆ ಉಳಿದ ಪ್ರಶ್ನೆಯೊಂದಿದೆ. ನಮ್ಮ ಸರ್ಕಾರ ಕೊಟ್ಟ ಕಾರ್ಡನ್ನು ಜೇಬಿನಲ್ಲಿಟ್ಟುಕೊಂಡು ಮಿರಜ್‌ಗೋ ಸೊಲ್ಲಾಪುರಕ್ಕೋ ಹೋಗುವ ನಮ್ಮದೇ ರೋಗಿಯ ಗತಿ ಏನು? ಅಥಣಿ, ರಾಯಬಾಗ, ಇಂಡಿ, ಆಳಂದ ಕಡೆಯ ಜನರಿಗೆ ಬೆಂಗಳೂರಿಗಿಂತ ಆ ಊರುಗಳೇ ಹತ್ತಿರ. ಬೀದರಿನವರಿಗೆ ಹೈದರಾಬಾದು, ಕಾರವಾರದವರಿಗೆ ಗೋವಾ, ಕಾಸರಗೋಡಿನ ಕನ್ನಡಿಗರಿಗೆ ಮಂಗಳೂರು. ಸಂಕಟ ಬಂದಾಗ ಜನ ಹತ್ತಿರದ ಆಸ್ಪತ್ರೆಯ ದಾರಿ ಹಿಡಿಯುತ್ತಾರೆಯೇ ಹೊರತು, 1956ರ ರಾಜ್ಯ ಪುನರ್ವಿಂಗಡಣೆಯ ನಕ್ಷೆ ಬಿಚ್ಚಿ ನೋಡುವುದಿಲ್ಲ.

ಈ ಪ್ರಶ್ನೆಗೆ ಉತ್ತರ ಹುಡುಕಬೇಕಾದರೆ ಆರೋಗ್ಯ ವಿಮೆಯ ನಿಯಮಗಳು ನಮ್ಮ ಸಂವಿಧಾನದಲ್ಲಿ ಎಲ್ಲಿ ಕುಳಿತಿವೆ ಎಂಬುದನ್ನು ಮೊದಲು ನೋಡಬೇಕು. ಏಳನೆಯ ಅನುಸೂಚಿಯ ಕೇಂದ್ರ ಪಟ್ಟಿಯ 47ನೆಯ ನಮೂದು ‘ವಿಮೆ’. ರಾಜ್ಯ ಪಟ್ಟಿಯ 6ನೆಯ ನಮೂದು ‘ಸಾರ್ವಜನಿಕ ಆರೋಗ್ಯ ಮತ್ತು ನೈರ್ಮಲ್ಯ; ಆಸ್ಪತ್ರೆಗಳು ಮತ್ತು ಔಷಧಾಲಯಗಳು’. ಅಂದರೆ ರೋಗಿಯ ಕೈಯಲ್ಲಿರುವ ಪಾಲಿಸಿಯ ಕಾನೂನು ದೆಹಲಿಯದು. ಅವನು ಮಲಗಿರುವ ಹಾಸಿಗೆಯ ಕಾನೂನು ಆಯಾ ರಾಜ್ಯದ್ದು. ನಮ್ಮ ಬಹುಪಾಲು ಗೊಂದಲಗಳಿಗೆ ಈ ಎರಡು ನಮೂದುಗಳ ನಡುವಿನ ಬಿರುಕೇ ಮೂಲ.

ಇದರ ಮೊದಲ ಪರಿಣಾಮ ಹಣವುಳ್ಳವರಿಗೆ ಅನುಕೂಲಕರವಾಗಿದೆ. ಬೆಂಗಳೂರಿನಲ್ಲಿ ಕೊಂಡ ಖಾಸಗಿ ಆರೋಗ್ಯ ವಿಮಾ ಪಾಲಿಸಿ ಸಾಮಾನ್ಯವಾಗಿ ಕೊಲ್ಕತ್ತದಲ್ಲೂ ಜೈಪುರದಲ್ಲೂ ನಡೆಯುತ್ತದೆ. ವಿಮಾ ನಿಯಂತ್ರಣ ಮತ್ತು ಅಭಿವೃದ್ಧಿ ಪ್ರಾಧಿಕಾರದ ನಿಯಮಗಳು ಇಡೀ ದೇಶಕ್ಕೆ ಒಂದೇ. 2024ರ ಮೇ ತಿಂಗಳಲ್ಲಿ ಪ್ರಾಧಿಕಾರ ಹೊರಡಿಸಿದ ಸುತ್ತೋಲೆಯ ಪ್ರಕಾರ ನಗದುರಹಿತ ಚಿಕಿತ್ಸೆಯ ಕೋರಿಕೆಯನ್ನು ಕಂಪನಿ ಒಂದು ಗಂಟೆಯೊಳಗೆ ತೀರ್ಮಾನಿಸಬೇಕು. ರೋಗಿಯ ಬಿಡುಗಡೆಗೆ ಆಸ್ಪತ್ರೆಯ ಕೋರಿಕೆ ಬಂದ ಮೂರು ಗಂಟೆಯೊಳಗೆ ಅಂತಿಮ ಅನುಮತಿ ಕೊಡಬೇಕು. ಕಂಪನಿಯ ಜಾಲದಲ್ಲಿಲ್ಲದ ಆಸ್ಪತ್ರೆಗಳಲ್ಲೂ ನಗದುರಹಿತ ಚಿಕಿತ್ಸೆಗೆ ಸಾಮಾನ್ಯ ವಿಮಾ ಮಂಡಳಿ 2024ರ ಜನವರಿಯಲ್ಲಿ ಅವಕಾಶ ಮಾಡಿತು. ಪೂರ್ವನಿಗದಿತ ಚಿಕಿತ್ಸೆಯಾದರೆ 48 ಗಂಟೆ ಮೊದಲು, ತುರ್ತಾದರೆ ದಾಖಲಾದ 48 ಗಂಟೆಯೊಳಗೆ ಕಂಪನಿಗೆ ತಿಳಿಸಬೇಕೆಂಬುದು ಅದರ ಷರತ್ತು.

ಇಲ್ಲಿಯೂ ಸಣ್ಣ ಅಕ್ಷರಗಳ ಗಡಿಗಳಿಲ್ಲವೆಂದಲ್ಲ. ಹಲವು ಕಂಪನಿಗಳು ದೇಶವನ್ನು ‘ವಲಯ’ಗಳನ್ನಾಗಿ ಹಂಚಿಕೊಂಡಿವೆ. ಸಣ್ಣ ಊರಿನ ವಿಳಾಸದಲ್ಲಿ ಕಡಿಮೆ ಕಂತು ಕಟ್ಟಿದವರು ಮುಂಬೈಯಲ್ಲಿ ಚಿಕಿತ್ಸೆ ಪಡೆದರೆ ಬಿಲ್ಲಿನ ಶೇ 10ರಿಂದ 20ರಷ್ಟನ್ನು ಕೈಯಿಂದ ಕೊಡಬೇಕೆಂಬ ಷರತ್ತು ಕೆಲವು ಪಾಲಿಸಿಗಳಲ್ಲಿದೆ. ನಿವೃತ್ತಿಯ ನಂತರ ಊರಿಗೆ ಹಿಂದಿರುಗಿದವರು, ಮಕ್ಕಳಿರುವ ಮಹಾನಗರಕ್ಕೆ ವಾಸ ಬದಲಿಸಿದವರು ಈ ಒಂದು ಸಾಲನ್ನು ತಪ್ಪದೆ ಓದಬೇಕು. ವಿಳಾಸ ಬದಲಾದರೆ ಕಂಪನಿಗೆ ಬರೆದು ತಿಳಿಸಬೇಕು. ಕಂಪನಿ ಅನ್ಯಾಯ ಮಾಡಿದರೆ ವಾಸವಿರುವ ಪ್ರದೇಶದ ವಿಮಾ ಓಂಬುಡ್ಸ್‌ಮನ್ ಬಳಿ ದೂರು ಕೊಡಬಹುದು; ಅದಕ್ಕೆ ಶುಲ್ಕವಿಲ್ಲ, 50 ಲಕ್ಷ ರೂಪಾಯಿಯವರೆಗಿನ ತಕರಾರುಗಳನ್ನು ಅವರು ತೀರ್ಮಾನಿಸಬಲ್ಲರು. ಆದರೆ ಆಸ್ಪತ್ರೆಯ ಸೇವೆಯ ಬಗ್ಗೆ ಅಥವಾ ದರದ ಬಗ್ಗೆ ದೂರಿದ್ದರೆ ಓಂಬುಡ್ಸ್‌ಮನ್ ಏನೂ ಮಾಡಲಾರರು. ಅದು ರಾಜ್ಯದ ವಿಷಯ. ಕರ್ನಾಟಕದಲ್ಲಾದರೆ 2007ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ ಜಿಲ್ಲಾಧಿಕಾರಿಯ ಅಧ್ಯಕ್ಷತೆಯ ಪ್ರಾಧಿಕಾರಕ್ಕೆ ಹೋಗಬೇಕು.

ಅಮೆರಿಕದಲ್ಲಿ ಮಕ್ಕಳಿರುವ ಓದುಗರಿಗೆ ಇದರ ಬೆಲೆ ಬೇಗ ಅರ್ಥವಾದೀತು. 1945ರ ಮೆಕ್ಯಾರನ್–ಫರ್ಗ್ಯೂಸನ್ ಕಾಯ್ದೆಯ ಪ್ರಕಾರ ಅಲ್ಲಿ ವಿಮೆಯ ನಿಯಂತ್ರಣ ಮುಖ್ಯವಾಗಿ ರಾಜ್ಯಗಳ ಕೈಯಲ್ಲಿದೆ. ತಾನೇ ಪಾಲಿಸಿ ಕೊಂಡವನು ಒಂದು ರಾಜ್ಯ ಬಿಟ್ಟು ಮತ್ತೊಂದಕ್ಕೆ ನೆಲೆ ಬದಲಿಸಿದರೆ ಸಾಮಾನ್ಯವಾಗಿ ಹೊಸದಾಗಿ ಪಾಲಿಸಿ ಮಾಡಿಸಬೇಕಾಗುತ್ತದೆ. ಬಡವರ ‘ಮೆಡಿಕೇಡ್’ ಕೂಡ ರಾಜ್ಯ ರಾಜ್ಯಕ್ಕೆ ಬೇರೆ. ನಮ್ಮ ಸಂವಿಧಾನಕಾರರು ವಿಮೆಯನ್ನು ಕೇಂದ್ರ ಪಟ್ಟಿಯಲ್ಲಿಟ್ಟು ಆ ತಾಪತ್ರಯದಿಂದ ನಮ್ಮನ್ನು ಕಾಪಾಡಿದರು. ಆದರೆ ಹಾಗೆ ಕಾಪಾಡಿದ್ದು ಪಾಲಿಸಿ ಕೊಳ್ಳಬಲ್ಲವರನ್ನು. ಕೊಳ್ಳಲಾಗದವರಿಗೆಂದು ಸರ್ಕಾರಗಳು ಕೊಟ್ಟಿರುವ ಕಾರ್ಡುಗಳು ಬಹುಮಟ್ಟಿಗೆ ಕಾನೂನಿನ ಅರ್ಥದಲ್ಲಿ ವಿಮೆಯೇ ಅಲ್ಲ. ಅವು ಸರ್ಕಾರಿ ಟ್ರಸ್ಟುಗಳು ಬೊಕ್ಕಸದ ಹಣದಿಂದ ನೀಡುವ ‘ಭರವಸೆ’ಗಳು. ನಮ್ಮಲ್ಲಿ ಈ ಕೆಲಸ ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟಿನದು. ಬೊಕ್ಕಸ ಯಾವ ರಾಜ್ಯದ್ದೋ ಭರವಸೆಯೂ ಆ ರಾಜ್ಯದ್ದೇ.

ಈ ದಿಕ್ಕಿನಲ್ಲಿ ಕರ್ನಾಟಕ ಹಿಂದೆ ಬಿದ್ದ ರಾಜ್ಯವೇನಲ್ಲ. ಸಹಕಾರಿ ರೈತರಿಗಾಗಿ 2003ರಲ್ಲಿ ಜಾರಿಗೆ ಬಂದ ಯಶಸ್ವಿನಿ ದೇಶಕ್ಕೇ ಮಾದರಿಯೆನಿಸಿತು. ತಿಂಗಳಿಗೆ ಐದು ರೂಪಾಯಿಯ ಕಂತಿನಲ್ಲಿ ಶಸ್ತ್ರಚಿಕಿತ್ಸೆ ಕೊಡಬಹುದೆಂದು ತೋರಿಸಿತು. ನಂತರ ವಾಜಪೇಯಿ ಆರೋಗ್ಯಶ್ರೀ ಬಂತು. 2018ರ ಮಾರ್ಚ್‌ನಲ್ಲಿ ಹಲವು ಯೋಜನೆಗಳನ್ನು ಒಟ್ಟುಗೂಡಿಸಿ ಆರೋಗ್ಯ ಕರ್ನಾಟಕ ಆರಂಭವಾಯಿತು. ಅದೇ ವರ್ಷ ಸೆಪ್ಟೆಂಬರ್ 23ರಂದು ಕೇಂದ್ರದ ಆಯುಷ್ಮಾನ್ ಭಾರತ್ ಪ್ರಧಾನಮಂತ್ರಿ ಜನ ಆರೋಗ್ಯ ಯೋಜನೆಗೆ ಚಾಲನೆ ದೊರೆಯಿತು. ಅಕ್ಟೋಬರ್ ಕೊನೆಯಲ್ಲಿ ಎರಡೂ ಸೇರಿ ಒಂದೇ ಕಾರ್ಡಾದವು. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ ಐದು ಲಕ್ಷ ರೂಪಾಯಿವರೆಗೆ ಚಿಕಿತ್ಸೆ. ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ ಶೇ 30, ವರ್ಷಕ್ಕೆ ಒಂದೂವರೆ ಲಕ್ಷದ ಮಿತಿಯಲ್ಲಿ.

ಸಮಸ್ಯೆ ಅಡಗಿರುವುದು ಈ ‘ಒಂದೇ ಕಾರ್ಡಿ’ನಲ್ಲಿ. ಆಯುಷ್ಮಾನ್ ಯೋಜನೆಯ ದೊಡ್ಡ ಗುಣವೆಂದರೆ ಅದರ ಅಂತರರಾಜ್ಯ ಸೌಲಭ್ಯ. ಯೋಜನೆ ಜಾರಿಯಲ್ಲಿರುವ ಯಾವುದೇ ರಾಜ್ಯದ ನೋಂದಾಯಿತ ಆಸ್ಪತ್ರೆಗೆ ಫಲಾನುಭವಿ ಹೋಗಬಹುದು. ಬಿಲ್ಲನ್ನು ಅವನ ತವರು ರಾಜ್ಯ ತೆರುತ್ತದೆ. ಆದರೆ ಈ ಸೌಲಭ್ಯ ದೊರೆಯುವುದು ಕೇಂದ್ರದ ಪಟ್ಟಿಯಲ್ಲಿರುವ ಕುಟುಂಬಗಳಿಗೆ. ಆ ಪಟ್ಟಿಗೆ ಆಧಾರ 2011ರ ಸಾಮಾಜಿಕ–ಆರ್ಥಿಕ ಮತ್ತು ಜಾತಿ ಸಮೀಕ್ಷೆ. ಕರ್ನಾಟಕದಲ್ಲಿ ಕೇಂದ್ರ ಶೇ 60ರ ಪಾಲು ಕೊಡುವುದು ಹೀಗೆ ಗುರುತಿಸಿದ ಸುಮಾರು 62 ಲಕ್ಷ ಕುಟುಂಬಗಳಿಗೆ. ಉಳಿದ ಬಿಪಿಎಲ್ ಕುಟುಂಬಗಳ ಹೊಣೆಯನ್ನು ನಮ್ಮ ರಾಜ್ಯ ತನ್ನ ಖರ್ಚಿನಲ್ಲೇ ಹೊತ್ತಿದೆ. ಇದು ಮೆಚ್ಚತಕ್ಕ ಕೆಲಸ. ಆದರೆ ಕಾರ್ಡಿನ ಮುಖ ನೋಡಿ ಇವರು ಯಾವ ಗುಂಪಿನವರೆಂದು ಹೇಳಲಾಗದು. ಬಳ್ಳಾರಿಯಲ್ಲಿ ಇಬ್ಬರಿಗೂ ಒಂದೇ ಚಿಕಿತ್ಸೆ. ಗಡಿ ದಾಟಿದ ಮೇಲೆ ಒಬ್ಬನ ಕಾರ್ಡು ನಡೆಯುತ್ತದೆ, ಇನ್ನೊಬ್ಬನದು ನಡೆಯುವುದಿಲ್ಲ.

ನಾನು ಕಲಬುರ್ಗಿ ವಿಭಾಗದಲ್ಲಿ ಸೇವೆಯಲ್ಲಿದ್ದಾಗ ಜೀಪು ಓಡಿಸುತ್ತಿದ್ದವರೊಬ್ಬರು ಕೆಲವು ವರ್ಷಗಳ ಹಿಂದೆ ರಾತ್ರಿ ಫೋನು ಮಾಡಿದರು. ಅವರ ತಂಗಿಯ ಮಗ ಯಾದಗಿರಿ ಕಡೆಯವನು. ಪುಣೆಯಲ್ಲಿ ಕಟ್ಟಡದ ಸೆಂಟ್ರಿಂಗ್ ಕೆಲಸ ಮಾಡುತ್ತಿದ್ದ. ಎದೆನೋವೆಂದು ಸಹೋದ್ಯೋಗಿಗಳು ಆಸ್ಪತ್ರೆಗೆ ಸೇರಿಸಿದ್ದರು. ಸ್ಟೆಂಟ್ ಹಾಕಬೇಕಿತ್ತು. ಆಸ್ಪತ್ರೆ ಯೋಜನೆಯಲ್ಲಿ ನೋಂದಾಯಿತವಾಗಿತ್ತು, ಕಾರ್ಡೂ ಕೈಯಲ್ಲಿತ್ತು; ಆದರೆ ಗಣಕಯಂತ್ರದಲ್ಲಿ ಹೆಸರು ಸಿಗಲಿಲ್ಲ. ‘ಸಾಹೇಬ್ರ, ಸರ್ಕಾರ ಕೊಟ್ಟ ಕಾರ್ಡು ಖೊಟ್ಟಿ ಐತೇನ್ರಿ?’ ಎಂದು ಅವರು ಕೇಳಿದರು. ಕಾರ್ಡು ಖೊಟ್ಟಿಯಾಗಿರಲಿಲ್ಲ. ಆ ಕುಟುಂಬದ ಹೆಸರು 2011ರ ಪಟ್ಟಿಯಲ್ಲಿರಲಿಲ್ಲ, ಅಷ್ಟೇ. ಹುಡುಗ ಬದುಕಿದ. ಊರಿನಲ್ಲಿ ಒಂದು ಜೋಡಿ ಎತ್ತು ಮಾರಾಟವಾಯಿತು, ಮೇಲೆ ಸಾಲವೂ ಆಯಿತು.

ಆ ಯುವಕ ಪುಣೆಯಲ್ಲಿ ಎಷ್ಟೋ ವರ್ಷಗಳಿಂದ ಇದ್ದ. ಮಹಾರಾಷ್ಟ್ರ ತನ್ನ ಫುಲೆ ಯೋಜನೆಯನ್ನು ಎಲ್ಲ ನಿವಾಸಿಗಳಿಗೂ ವಿಸ್ತರಿಸಲು 2023ರಲ್ಲಿ ತೀರ್ಮಾನಿಸಿತು. ಆದರೆ ಅದಕ್ಕೆ ಆ ರಾಜ್ಯದ ಪಡಿತರ ಚೀಟಿಯೋ ವಾಸ್ತವ್ಯ ಪ್ರಮಾಣಪತ್ರವೋ ಬೇಕು. ಅವನ ಪಡಿತರ ಚೀಟಿ ಕರ್ನಾಟಕದ್ದು. ಹೀಗೆ, ‘ಎಲ್ಲರಿಗೂ ಆರೋಗ್ಯ’ ಎನ್ನುವ ಎರಡು ರಾಜ್ಯಗಳ ನಡುವೆ ದುಡಿಯುವ ಮನುಷ್ಯನೊಬ್ಬ ಎರಡರಿಂದಲೂ ಹೊರಗುಳಿಯುತ್ತಾನೆ. ಕರ್ನಾಟಕದೊಳಗಿನ 865 ಊರುಗಳಿಗೆ ಕಾರ್ಡು ಕಳಿಸಲು ಹೊರಟವರಿಗೆ ತಮ್ಮ ಊರಿನ ಕಟ್ಟಡ ಕಟ್ಟುವ ಕನ್ನಡಿಗ ಕಾಣಲಿಲ್ಲ. ಅದನ್ನು ಖಂಡಿಸಿದ ನಮಗೂ ಅವನು ಕಾಣಲಿಲ್ಲ.

ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿ ಇನ್ನೊಂದು ಮಾತು ಹೇಳಬೇಕು. ‘ಅವನು ಹೊರಗಿನವನು, ನಮ್ಮ ತೆರಿಗೆದಾರನಲ್ಲ’ ಎಂಬ ವಾದ ಲೆಕ್ಕಕ್ಕೆ ನಿಲ್ಲುವುದಿಲ್ಲ. ಸರಕು ಮತ್ತು ಸೇವಾ ತೆರಿಗೆ ಬಳಕೆಯ ಸ್ಥಳದಲ್ಲಿ ಸಲ್ಲುವ ತೆರಿಗೆ. ಪುಣೆಯಲ್ಲಿ ಸೋಪು, ಚಪ್ಪಲಿ, ಮೊಬೈಲ್ ಕರೆನ್ಸಿ ಕೊಳ್ಳುವ ಕೂಲಿಕಾರನ ತೆರಿಗೆಯಲ್ಲಿ ರಾಜ್ಯದ ಪಾಲು ಮಹಾರಾಷ್ಟ್ರಕ್ಕೆ ಸೇರುತ್ತದೆ. ಬೆಂಗಳೂರಿನಲ್ಲಿ ದುಡಿಯುವ ಒಡಿಶಾದವನದು ಕರ್ನಾಟಕಕ್ಕೆ. ಅವನು ಕಟ್ಟುವ ಕಟ್ಟಡದ ವೆಚ್ಚದ ಮೇಲೆ 1996ರ ಕಾಯ್ದೆಯಡಿ ವಿಧಿಸಿದ ಸೆಸ್ ಕೂಡ ಕಟ್ಟಡವಿರುವ ರಾಜ್ಯದ ಕಾರ್ಮಿಕ ಕಲ್ಯಾಣ ಮಂಡಳಿಗೇ ಹೋಯಿತು. ದುಡಿಮೆಯ ಫಲ ಒಂದು ರಾಜ್ಯಕ್ಕೆ, ಕಾಯಿಲೆಯ ಬಿಲ್ಲು ಮತ್ತೊಂದು ರಾಜ್ಯಕ್ಕೆ. ಎರಡೂ ರಾಜ್ಯಗಳು ಕೈಯೆತ್ತಿದಾಗ ಆ ಬಿಲ್ಲು ಕುಟುಂಬದ ಪಾಲಿಗೆ.

ರಾಜ್ಯಗಳ ನಡುವೆ ಲೆಕ್ಕ ಚುಕ್ತಾ ಮಾಡುವುದು ಅಸಾಧ್ಯವೆಂದು ಯಾರೂ ಹೇಳಬಾರದು. 2017ರಿಂದ ಅಂತರರಾಜ್ಯ ವ್ಯಾಪಾರದ ತೆರಿಗೆಯನ್ನು ಕೇಂದ್ರ ಸಂಗ್ರಹಿಸಿ, ಸಲ್ಲಬೇಕಾದ ರಾಜ್ಯಕ್ಕೆ ಲೆಕ್ಕ ಹಾಕಿ ಕೊಡುತ್ತಿದೆ. ಪಡಿತರದಲ್ಲೂ ಇದು ಸಾಧ್ಯವಾಗಿದೆ. ‘ಒಂದು ದೇಶ, ಒಂದು ಪಡಿತರ ಚೀಟಿ’ ವ್ಯವಸ್ಥೆ 2022ರ ಜೂನ್‌ನಲ್ಲಿ ಅಸ್ಸಾಂ ಸೇರುವುದರೊಂದಿಗೆ ಎಲ್ಲ ರಾಜ್ಯಗಳಿಗೂ ತಲುಪಿತು; ರಾಯಚೂರಿನ ಕುಟುಂಬ ಪಣಜಿಯ ಅಂಗಡಿಯಲ್ಲಿ ಬೆರಳೊತ್ತಿ ಅಕ್ಕಿ ಪಡೆಯಬಹುದು. ಅಲ್ಲಿಯೂ ಗಡಿ ದಾಟುವುದು ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆಯ ಪಾಲು ಮಾತ್ರ, ತವರು ರಾಜ್ಯ ತನ್ನದಾಗಿ ಸೇರಿಸಿದ್ದು ದಾಟುವುದಿಲ್ಲ ಎಂಬುದು ನಿಜ. ಆದರೆ ರಾಜ್ಯದ ಹೆಚ್ಚುವರಿ ಅಕ್ಕಿಯಿಲ್ಲದೆ ಒಂದು ತಿಂಗಳು ಹೇಗೋ ಸಾಗಿಸಬಹುದು. ಹೃದಯಾಘಾತವಾದವನಿಗೆ ಅಂಥ ಅವಕಾಶವಿಲ್ಲ.

ಆಸ್ಪತ್ರೆಗಳ ಬಾಗಿಲಲ್ಲಿ ಗಡಿಗೆರೆ ಎಳೆದ ಉದಾಹರಣೆಗಳು ಈಚಿನ ವರ್ಷಗಳಲ್ಲಿ ಹೆಚ್ಚಿವೆ. ಗೋವಾ ವೈದ್ಯಕೀಯ ಕಾಲೇಜು ಆಸ್ಪತ್ರೆ 2018ರ ಜನವರಿಯಿಂದ ಹೊರರಾಜ್ಯದ ರೋಗಿಗಳಿಗೆ ಶುಲ್ಕ ವಿಧಿಸಿತು. ದೊಡ್ಡ ಆಸ್ಪತ್ರೆಯಿಲ್ಲದ ಉತ್ತರ ಕನ್ನಡಕ್ಕೆ ಅದರ ಬಿಸಿ ತಟ್ಟಿತು. ಅದೇ ವರ್ಷ ದೆಹಲಿ ಸರ್ಕಾರ ತನ್ನ ಗುರು ತೇಗ್ ಬಹಾದೂರ್ ಆಸ್ಪತ್ರೆಯಲ್ಲಿ ದೆಹಲಿಯವರಿಗೆ ಶೇ 80ರಷ್ಟು ಹಾಸಿಗೆ ಮೀಸಲಿಟ್ಟಾಗ ಅಲ್ಲಿನ ಹೈಕೋರ್ಟ್ ಆ ಆದೇಶವನ್ನು ರದ್ದುಪಡಿಸಿತು. ನಮ್ಮ ಕೈಯೂ ಶುದ್ಧವಲ್ಲ. 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಘೋಷಣೆಯಾದಾಗ ಕರ್ನಾಟಕವು ತಲಪಾಡಿಯಲ್ಲಿ ರಸ್ತೆ ಮುಚ್ಚಿತು. ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿದ್ದ ಕಾಸರಗೋಡಿನ ರೋಗಿಗಳು ದಾರಿಯಲ್ಲೇ ಉಳಿದರು; ಚಿಕಿತ್ಸೆ ಸಿಗದೆ ಕೆಲವರು ತೀರಿಕೊಂಡರೆಂದು ವರದಿಯಾಯಿತು. ಕೇರಳ ಹೈಕೋರ್ಟ್ ಮಧ್ಯಪ್ರವೇಶಿಸಿ, ವಿಷಯ ಸುಪ್ರೀಂ ಕೋರ್ಟಿನವರೆಗೆ ಹೋದ ಮೇಲೆ ಏಪ್ರಿಲ್ ಮೊದಲ ವಾರ ಕಳೆಯುವಾಗ ದಾರಿ ತೆರೆಯಿತು. ಅಂದು ನಿಂತವರಲ್ಲಿ ಕನ್ನಡ, ತುಳು ಮನೆಮಾತಿನವರೂ ಇದ್ದರು.

ಅಂತರರಾಜ್ಯ ಸೌಲಭ್ಯವನ್ನು ವಿಸ್ತರಿಸುವುದಕ್ಕೆ ಅಧಿಕಾರಿ ವಲಯದಲ್ಲಿ ಕೇಳಿಬರುವ ಆಕ್ಷೇಪಗಳು ನನಗೆ ಅಪರಿಚಿತವಲ್ಲ. ಹೊರಗಿನ ಆಸ್ಪತ್ರೆಗಳ ಮೇಲೆ ನಮಗೆ ಹಿಡಿತವಿಲ್ಲ, ಸುಳ್ಳು ಬಿಲ್ಲು ಬಂದರೆ ತಪಾಸಣೆ ಮಾಡುವವರು ಯಾರು ಎಂಬುದು ಮೊದಲನೆಯದು. ಇದು ಹುಸಿ ಭಯವಲ್ಲ. ಮಹಾಲೇಖಪಾಲರು 2023ರಲ್ಲಿ ಸಲ್ಲಿಸಿದ ವರದಿ ಆಯುಷ್ಮಾನ್ ಯೋಜನೆಯಲ್ಲಿ ಒಂದೇ ಮೊಬೈಲ್ ಸಂಖ್ಯೆಗೆ ಸುಮಾರು ಏಳೂವರೆ ಲಕ್ಷ ಫಲಾನುಭವಿಗಳ ಹೆಸರು ಜೋಡಿಸಿದ್ದನ್ನು ಬಯಲಿಗಿಟ್ಟಿತು. ಒಬ್ಬನೇ ರೋಗಿ ಒಂದೇ ಅವಧಿಯಲ್ಲಿ ಎರಡು ಆಸ್ಪತ್ರೆಗಳಲ್ಲಿ ದಾಖಲಾದ ಲೆಕ್ಕವೂ ಅದರಲ್ಲಿತ್ತು. ಆದರೆ ವಂಚನೆ ರಾಜ್ಯದೊಳಗೂ ನಡೆಯುತ್ತದೆ. ಅದಕ್ಕೆ ಮದ್ದು ಲೆಕ್ಕ ತಪಾಸಣೆಯನ್ನು ಬಿಗಿಗೊಳಿಸುವುದು. ಪ್ರಾಮಾಣಿಕ ರೋಗಿಯನ್ನು ಹೊರಗಿಡುವುದಲ್ಲ.

ಎರಡನೆಯದು ಹಣದ ಮಾತು. ಪರರಾಜ್ಯದ ಆಸ್ಪತ್ರೆಗೆ ಕೊಡುವ ಹಣದಲ್ಲಿ ನಮ್ಮ ಜಿಲ್ಲಾ ಆಸ್ಪತ್ರೆಗಳನ್ನೇ ಸುಧಾರಿಸಬಾರದೇಕೆ ಎಂದು ಕೇಳುವವರಿದ್ದಾರೆ. ಖಂಡಿತ ಸುಧಾರಿಸಬೇಕು. ಕಾರವಾರಕ್ಕೆ ಸುಸಜ್ಜಿತ ಆಸ್ಪತ್ರೆ ಬಂದರೆ ಗೋವಾದ ಹಾದಿ ತುಳಿಯುವವರು ತಾವಾಗಿಯೇ ಕಡಿಮೆಯಾಗುತ್ತಾರೆ. ಆದರೆ ಕಟ್ಟಡ, ವೈದ್ಯರು, ಯಂತ್ರಗಳು ಬರುವವರೆಗೆ ರೋಗ ಕಾಯುವುದಿಲ್ಲ. ಮೇಲಾಗಿ ರಾಜ್ಯದೊಳಗಿದ್ದರೂ ಆ ಕುಟುಂಬದ ಐದು ಲಕ್ಷದ ಹೊಣೆ ನಮ್ಮದೇ ಅಲ್ಲವೇ?

ಮೂರನೆಯ ತೊಡಕು ಹೆಚ್ಚು ಗಂಭೀರವಾದುದು: ಬಾಕಿ ಹಣ. ನಿಯಮದ ಪ್ರಕಾರ ರಾಜ್ಯದೊಳಗಿನ ಬಿಲ್ಲನ್ನು 15 ದಿನಗಳಲ್ಲಿ, ಅಂತರರಾಜ್ಯ ಬಿಲ್ಲನ್ನು 30 ದಿನಗಳಲ್ಲಿ ಚುಕ್ತಾ ಮಾಡಬೇಕು. ತವರು ರಾಜ್ಯದ ಟ್ರಸ್ಟು ತಡಮಾಡಿದರೆ ದೂರದ ಆಸ್ಪತ್ರೆಗೆ ಕೇಳಲು ದಾರಿಯಿರುವುದಿಲ್ಲ. ಮುಂದಿನ ಸಲ ಹೊರಗಿನ ಕಾರ್ಡು ಕಂಡಾಗ ‘ಹಾಸಿಗೆ ಖಾಲಿಯಿಲ್ಲ’ ಎಂಬ ಉತ್ತರ ಬರುತ್ತದೆ. ರಾಜ್ಯದೊಳಗೇ ಬಾಕಿ ಬೆಳೆದರೆ ಏನಾಗುತ್ತದೆಂಬುದನ್ನು 2025ರ ಆಗಸ್ಟ್‌ನಲ್ಲಿ ಹರಿಯಾಣದ ಖಾಸಗಿ ಆಸ್ಪತ್ರೆಗಳು ಆಯುಷ್ಮಾನ್ ಸೇವೆ ನಿಲ್ಲಿಸಿ ತೋರಿಸಿದವು.

ಹಾಗಾದರೆ ಏನು ಮಾಡಬೇಕು? ಮೊದಲನೆಯದಾಗಿ, ಕರ್ನಾಟಕವು ತನ್ನ ಖರ್ಚಿನಲ್ಲಿ ಸೇರಿಸಿಕೊಂಡಿರುವ ಬಿಪಿಎಲ್ ಕುಟುಂಬಗಳಿಗೂ ತುರ್ತು ಚಿಕಿತ್ಸೆಯ ಮಟ್ಟಿಗಾದರೂ ಅಂತರರಾಜ್ಯ ಸೌಲಭ್ಯ ಕೊಡಬೇಕು. ಹೃದಯಾಘಾತ, ಪಾರ್ಶ್ವವಾಯು, ನವಜಾತ ಶಿಶುವಿನ ತೀವ್ರ ನಿಗಾ, ಡಯಾಲಿಸಿಸ್ ಇಷ್ಟರಿಂದಲೇ ಆರಂಭಿಸಬಹುದು. ಇದಕ್ಕೆ ಸಂವಿಧಾನದ ತಿದ್ದುಪಡಿ ಬೇಕಿಲ್ಲ. ಸಂಪುಟದ ಒಂದು ತೀರ್ಮಾನ, ರಾಷ್ಟ್ರೀಯ ಆರೋಗ್ಯ ಪ್ರಾಧಿಕಾರದೊಂದಿಗೆ ಒಂದು ಒಪ್ಪಂದ ಸಾಕು.

ಎರಡನೆಯದಾಗಿ, ಅಂತರರಾಜ್ಯ ಬಿಲ್ಲುಗಳಿಗೆ ಕೇಂದ್ರದಲ್ಲೊಂದು ಚುಕ್ತಾ ನಿಧಿ ಬೇಕು. ಆಸ್ಪತ್ರೆಗೆ ನಿಧಿ 30 ದಿನಗಳಲ್ಲಿ ಹಣ ಕೊಟ್ಟು, ನಂತರ ತವರು ರಾಜ್ಯದಿಂದ ವಸೂಲು ಮಾಡಿಕೊಳ್ಳಲಿ. ಬೇರೆ ರಾಜ್ಯದಲ್ಲಿ ದುಡಿಯುವ ಕಟ್ಟಡ ಕಾರ್ಮಿಕರ ವಿಷಯದಲ್ಲಿ ಆ ರಾಜ್ಯದ ಕಲ್ಯಾಣ ಮಂಡಳಿಯೂ ಒಂದು ಪಾಲು ಹೊರಲಿ.

ಮೂರನೆಯದಾಗಿ, ಗಡಿ ಜಿಲ್ಲೆಗಳಿಗಾಗಿ ನೆರೆ ರಾಜ್ಯಗಳೊಂದಿಗೆ ಪರಸ್ಪರ ಒಪ್ಪಂದವಾಗಬೇಕು. ಇಲ್ಲೊಂದು ಆಡಳಿತಾತ್ಮಕ ವಿಚಿತ್ರವಿದೆ. 1956ರ ಕಾಯ್ದೆಯಡಿ ರಚನೆಯಾದ ವಲಯ ಪರಿಷತ್ತುಗಳಲ್ಲಿ ನಾವು ದಕ್ಷಿಣ ವಲಯದಲ್ಲಿದ್ದೇವೆ. ಮಹಾರಾಷ್ಟ್ರ ಮತ್ತು ಗೋವಾ ಪಶ್ಚಿಮ ವಲಯದಲ್ಲಿವೆ. ಕಾಸರಗೋಡಿನ ವಿಷಯವನ್ನು ಎತ್ತಲು ವೇದಿಕೆಯಿದೆ, ಮಿರಜಿನ ವಿಷಯಕ್ಕೆ ಇಲ್ಲ. ಎರಡು ಪರಿಷತ್ತುಗಳ ಜಂಟಿ ಸಭೆಗೆ ಅದೇ ಕಾಯ್ದೆಯಲ್ಲಿ ಅವಕಾಶವಿದೆ. 865 ಊರುಗಳ ಕಾರ್ಡನ್ನು ವಿರೋಧಿಸಿ ಪತ್ರ ಬರೆದ ನಮ್ಮ ಸರ್ಕಾರ ಇಂಥ ಸಭೆಯನ್ನು ಕೇಳಿಯೂ ಒಂದು ಪತ್ರ ಬರೆಯಲಿ. ನಮ್ಮವರು ಮಿರಜ್‌ಗೆ ಹೋಗುವಂತೆ ಅವರ ಚಂದಗಡ, ಗಡಹಿಂಗ್ಲಜ ಕಡೆಯವರು ಬೆಳಗಾವಿಗೆ ಬರುತ್ತಾರೆ. ಇಬ್ಬರಿಗೂ ಲಾಭವಿರುವ ಮಾತು ಇದು.

ಇದೆಲ್ಲ ಆಗುವವರೆಗೆ ಕಾರ್ಡುದಾರರು ಮಾಡಬಹುದಾದ ಕೆಲಸವೊಂದಿದೆ. ಊರು ಬಿಟ್ಟು ದುಡಿಯಲು ಹೋಗುವ ಮೊದಲೇ, ತಮ್ಮ ಹೆಸರು ಕೇಂದ್ರದ ಪಟ್ಟಿಯಲ್ಲಿದೆಯೇ ಎಂಬುದನ್ನು 14555 ಸಹಾಯವಾಣಿಗೆ ಕರೆ ಮಾಡಿ ಅಥವಾ ನೋಂದಾಯಿತ ಆಸ್ಪತ್ರೆಯ ಆರೋಗ್ಯಮಿತ್ರರ ಬಳಿ ಕೇಳಿ ತಿಳಿದುಕೊಳ್ಳಬೇಕು. ಆಧಾರ್ ಮತ್ತು ಪಡಿತರ ಚೀಟಿಯಲ್ಲಿ ಹೆಸರಿನ ಕಾಗುಣಿತ ಒಂದೇ ಆಗಿರುವಂತೆ ನೋಡಿಕೊಳ್ಳಬೇಕು. ಹೋದ ಊರಿನಲ್ಲಿ ಯಾವ ಆಸ್ಪತ್ರೆ ನೋಂದಾಯಿತ ಎಂಬುದನ್ನು ಆರೋಗ್ಯವಾಗಿರುವಾಗಲೇ ವಿಚಾರಿಸಿಟ್ಟುಕೊಳ್ಳಬೇಕು. ಎಪಿಎಲ್ ಕಾರ್ಡಿನವರು ರಾಜ್ಯದ ಹೊರಗೆ ಇದನ್ನು ನೆಚ್ಚಿಕೊಳ್ಳದೆ ಬೇರೆ ಏರ್ಪಾಡು ಮಾಡಿಕೊಳ್ಳುವುದು ಕ್ಷೇಮ. 70 ದಾಟಿದವರಿಗೆ ಆದಾಯದ ಮಿತಿಯಿಲ್ಲದೆ ಕೇಂದ್ರ 2024ರ ಅಕ್ಟೋಬರ್‌ನಲ್ಲಿ ಪ್ರತ್ಯೇಕ ಕಾರ್ಡು ಪ್ರಕಟಿಸಿತು. ಅದು ತಮ್ಮ ರಾಜ್ಯದಲ್ಲಿ, ತಾವು ಹೋಗುವ ಆಸ್ಪತ್ರೆಯಲ್ಲಿ ನಡೆಯುತ್ತದೆಯೇ ಎಂದು ಹೊರಡುವ ಮೊದಲೇ ಖಚಿತಪಡಿಸಿಕೊಳ್ಳಬೇಕು.

ಆದರೆ ಓದು ಬಾರದ ಕೂಲಿಕಾರನೊಬ್ಬ ಇಷ್ಟನ್ನೂ ತಿಳಿದುಕೊಂಡು ರೈಲು ಹತ್ತಬೇಕೆಂದು ನಿರೀಕ್ಷಿಸುವುದು ನ್ಯಾಯವಲ್ಲ. ತುರ್ತು ಚಿಕಿತ್ಸೆ ಬದುಕುವ ಹಕ್ಕಿನ ಭಾಗವೆಂದು ಸುಪ್ರೀಂ ಕೋರ್ಟ್ 1996ರಲ್ಲೇ ಪಶ್ಚಿಮ ಬಂಗಾಳದ ಕೃಷಿ ಕೂಲಿಕಾರರ ಸಂಘದ ಪ್ರಕರಣದಲ್ಲಿ ಹೇಳಿತು. ಅಂದು ರೈಲಿನಿಂದ ಬಿದ್ದು ಗಾಯಗೊಂಡವನನ್ನು ಆಸ್ಪತ್ರೆಯಿಂದ ಆಸ್ಪತ್ರೆಗೆ ಸಾಗಹಾಕಿದ್ದು ಒಂದೇ ರಾಜ್ಯದೊಳಗೆ. ಇಂದು ಅದೇ ಕೆಲಸವನ್ನು ಎರಡು ರಾಜ್ಯಗಳ ಗಣಕಯಂತ್ರಗಳು ಸೇರಿ ಮಾಡುತ್ತಿವೆ. ಕನಿಷ್ಠ ಪಕ್ಷ ಯಾರ ಕಾರ್ಡು ಗಡಿಯಾಚೆ ನಡೆಯುತ್ತದೆ, ಯಾರದು ನಡೆಯುವುದಿಲ್ಲ ಎಂಬುದನ್ನು ಕಾರ್ಡಿನ ಮೇಲೆಯೇ ದಪ್ಪ ಕನ್ನಡ ಅಕ್ಷರಗಳಲ್ಲಿ ಅಚ್ಚು ಹಾಕಿಸುವ ಪ್ರಾಮಾಣಿಕತೆಯನ್ನಾದರೂ ನಮ್ಮ ಸರ್ಕಾರ ತೋರಲಿ. ಹಾಗೆ ಅಚ್ಚು ಹಾಕಿಸಲು ಮುಜುಗರವಾಗುವುದಾದರೆ ನಿಯಮವನ್ನೇ ಬದಲಿಸಲಿ.